ಪಿಕ್ಚರ್ ಮುಗಿದ ಮೇಲಿನ ಕಾಫಿ

ಮೊನ್ನೆ ಭಾನುವಾರ ಮಗಳು ಇರಾಳ ಕಾಟ ತಡೆಯಲಾರದೆ ನೆರೂಳದ ನಮ್ಮ ಮನೆಯ ಹತ್ತಿರದ ಮಾಲ್‌ನಲ್ಲಿ ಒಂದು ಹೊಸ ಸಿನಿಮಾ ನೋಡಿಬಂದೆ. ನನ್ನನ್ನು ಕೇಳಿದರೆ, ಅದಕ್ಕೆ ಸಂಗೀತ ಕೊಟ್ಟ ಪುಣ್ಯಾತ್ಮನನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತು ಕೇಳಬೇಕು. ಹೀರೋ ಬಾಗಿಲು ತೆಗೆದರೆ ಡೋಲು, ಬಾಗಿಲು ಹಾಕಿದರೆ ಡೋಲು, ಪಾಪ, ಅವನ ಅಮ್ಮ ಊಟಕ್ಕೆ ಕರೆದರೂ ಡೋಲು. ಕತೆ ಅಡ್ಡಿಯಿಲ್ಲ, ಹುಡುಗಿ ಚೆನ್ನಾಗಿ ಮಾಡಿದ್ದಾಳೆ, ಹಾಡುಗಳಲ್ಲಿ ಒಂದು ಮಾತ್ರ ಹೊರಗೆ ಬಂದ ಮೇಲೂ ನೆನಪಿತ್ತು. ಆದರೆ ಕೊನೆಯ ಹೊತ್ತಿಗೆ, ಆ ಹುಡುಗಿ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಾಗ, ಗದ್ದಲವೆಲ್ಲ ಒಮ್ಮೆಲೇ ನಿಂತುಹೋಯಿತು. ಏಸಿಯ ಗಾಳಿಯ ಸದ್ದು ಕೇಳುವಷ್ಟು ಮೌನ. ಪಕ್ಕದಲ್ಲಿದ್ದ ಇರಾ ‘ಮಮ್ಮಾ, ಕ್ಯಾ ಹುಆ? ಹಾಥ್ ಛೋಡೋ ನಾ’ ಎಂದು ಕೈ ಬಿಡಿಸಿಕೊಳ್ಳುತ್ತ ಪಿಸುಗುಟ್ಟಿದಾಗಲೇ ನನಗೆ ಎಚ್ಚರವಾದದ್ದು. ನಾನು ಅವಳ ಅಂಗೈ ಬಿಡಿಸಿ, ಅದರೊಳಗೆ ನನ್ನ ಮುಷ್ಟಿಯನ್ನು ಒತ್ತಿ ಹಿಡಿದಿದ್ದೆ. ‘ಇಲ್ಲಿ ಮ್ಯೂಸಿಕ್ ಇಲ್ಲ’ ಎಂದು ಅದರ ಅರ್ಥ. ಆ ಭಾಷೆ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ನಾನು ಮತ್ತು ನನ್ನ ಅಪ್ಪನ ತಂಗಿ ರೇವತಿ ಅತ್ತೆ. ಈಗ ಅತ್ತೆಯೂ ಇಲ್ಲ, ಅಪ್ಪನೂ ಇಲ್ಲ, ನಾವಿದ್ದ ಆ ಮನೆಯೂ ಇಲ್ಲ.

ನೀವೂ ಡೊಂಬಿವಲಿಯ ಎಂಐಡಿಸಿ ಫ್ಯಾಕ್ಟರಿಗಳ ಕಡೆ ಬೆಳೆದವರಾದರೆ ಆ ಮನೆಯನ್ನು ನಾನು ವರ್ಣಿಸಬೇಕಾಗಿಲ್ಲ. ಮೂರನೆಯ ಮಾಳಿಗೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಒಣಹಾಕಿದ ಬಟ್ಟೆಗಳಿಂದ ಎಂದೂ ಬಿಡುಗಡೆ ಕಾಣದ ಬಾಲ್ಕನಿ. ಗಾಳಿ ಫ್ಯಾಕ್ಟರಿಗಳ ಕಡೆಯಿಂದ ತಿರುಗಿದ ದಿನ ಗಂಟಲು ಕೆರೆಯುವ ಹುಳಿವಾಸನೆ ಬರುತ್ತಿತ್ತು. ಅಮ್ಮ ‘ಬಂತು ಶನಿ’ ಎನ್ನುತ್ತ ಕಿಟಕಿಗಳನ್ನೆಲ್ಲ ಮುಚ್ಚಿ ಕಾಫಿಪುಡಿಗೆ ಬಿಸಿನೀರು ಹೊಯ್ಯುತ್ತಿದ್ದಳು. ಆಮೇಲೆ ಮುಚ್ಚಿದ ಮನೆಯ ತುಂಬ ಕಾಫಿಯ ಘಮಘಮ. ಅಪ್ಪ ಠಾಣೆಯ ನೌಪಾಡಾದಲ್ಲಿ ಉಡುಪಿಯವರದೇ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಹೋಟೆಲಿನವರಿಗೆ ಭಾನುವಾರ ಎಂದರೆ ಉಸಿರಾಡಲು ಪುರುಸೊತ್ತಿಲ್ಲದ ದಿನ. ಆದರೂ ತಿಂಗಳಿಗೊಮ್ಮೆ, ನಮ್ಮ ಕಡೆಯ ಕನ್ನಡ ಸಂಘದವರು ಥಿಯೇಟರಿನಲ್ಲಿ ಬೆಳಗಿನ ಆಟಕ್ಕೆ ಕನ್ನಡ ಪಿಕ್ಚರ್ ತರಿಸಿದ ಭಾನುವಾರ, ಅಪ್ಪ ಏನೇ ಆದರೂ ರಜೆ ಹಾಕುತ್ತಿದ್ದರು. ಇಸ್ತ್ರಿ ಹಾಕಿದ ಬಿಳಿ ಶರ್ಟು, ಅಮ್ಮನ ಮೊಗ್ಗಿನ ಮಾಲೆ, ಅತ್ತೆಯ ಪೌಡರಿನ ಪರಿಮಳ, ಇವುಗಳ ನಡುವೆ ನಾನು ರಿಕ್ಷಾದಲ್ಲಿ ಇಡ್ಲಿಯ ಹಾಗೆ ಒತ್ತಿಕೊಂಡು ಕೂತು ಹೋಗುತ್ತಿದ್ದೆ.

ನಮ್ಮ ಮನೆಗೆ ಒಂದು ಕಾನೂನಿತ್ತು. ಪಿಕ್ಚರ್ ಬಿಟ್ಟ ಮೇಲೆ ಮನೆ ತಲುಪಿ ಕಾಫಿ ಕೈಗೆ ಬರುವ ತನಕ ಯಾರೂ ಅದರ ಬಗ್ಗೆ ತುಟಿಪಿಟಿಕ್ಕೆನ್ನಬಾರದು. ಕಾಫಿ ಬಂದ ಮೇಲೆ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಬೇಕು, ಅದೂ ಸಣ್ಣವರಿಂದ ಶುರುವಾಗಿ. ಮೊದಲು ನಾನು, ಆಮೇಲೆ ಅಮ್ಮ, ಆಮೇಲೆ ಅತ್ತೆ, ಕಟ್ಟಕಡೆಗೆ ಅಪ್ಪ. ಅತ್ತೆ ಅಮ್ಮನಿಗಿಂತ ಕಿರಿಯಳಾದರೂ ಸಂಗೀತದ ಮಾತು ಕೊನೆಗೇ ಇರಲಿ ಎಂದು ಅಪ್ಪ ಅವಳಿಗೆ ಬಡ್ತಿ ಕೊಟ್ಟಿದ್ದರು. ‘ದೊಡ್ಡವರು ಮೊದ್ಲು ಹೇಳಿದ್ರೆ ಸಣ್ಣವರು ಅದನ್ನೇ ಹೇಳ್ತಾರೆ. ನಮ್ಮ ಹೋಟೆಲಿನಲ್ಲಿ ನೋಡು, ಸೇಠ್ರು ಸಾಂಬಾರು ಚಂದ ಉಂಟು ಅಂದ್ರೆ ಮುಗೀತು, ಎಲ್ಲರಿಗೂ ಚಂದವೇ’ ಎನ್ನುತ್ತಿದ್ದರು. ಇನ್ನೊಂದು ತಮಾಷೆ, ಮನೆಯಲ್ಲಿ ನಾವು ಮಾತಾಡುವುದು ತುಳು. ಪಿಕ್ಚರಿನ ಅಭಿಪ್ರಾಯ ಮಾತ್ರ ಕನ್ನಡದಲ್ಲಿ. ಅಪ್ಪನ ಲೆಕ್ಕದಲ್ಲಿ ಅದು ಸಭೆ. ಅಮ್ಮ ಹೀರೋಯಿನಳ ಸೀರೆ ಮತ್ತು ಅಡುಗೆಮನೆಯ ವಿಷಯ ಬಿಟ್ಟು ಆಚೆ ಹೋದವಳಲ್ಲ. ‘ಅಷ್ಟು ದೊಡ್ಡ ಅಡುಗೆಮನೆಯಂತೆ, ಒಂದು ಒಗ್ಗರಣೆ ಸೌಟು ಇಲ್ಲ’ ಎಂದು ಮೂಗು ಮುರಿಯುತ್ತಿದ್ದಳು. ಅಪ್ಪನಿಗೆ ಕತೆ ಮುಖ್ಯ. ಸಂಗೀತ ಅವರಿಗೆ ಸುತರಾಂ ತಲೆಗೆ ಹೋಗುತ್ತಿರಲಿಲ್ಲ, ಮಂಗಳಾರತಿಯನ್ನೂ ರಾಗ ತಪ್ಪಿಸಿ ಹಾಡುವ ಗಂಟಲು. ಹಾಡು, ಹಿನ್ನೆಲೆ ಸಂಗೀತ ಎಲ್ಲ ಅತ್ತೆಯ ಪಾಲಿನದು. ಒಮ್ಮೆ ಕೇಳಿದ ಹಾಡನ್ನು ಸಂಜೆ ಚಪಾತಿ ಲಟ್ಟಿಸುವಾಗ ಅವಳು ಪೂರ್ತಿ ಹಾಡಿಬಿಡುತ್ತಿದ್ದಳು, ನಡುವಿನ ಕೊಳಲಿನ ತುಂಡನ್ನೂ ಸೇರಿಸಿ. ‘ನಮ್ಮ ರೇವತಿಯ ಕಿವಿ ಅಂದ್ರೆ ಕಿವಿ’ ಎಂದು ಅಪ್ಪ ಗಲ್ಲಾದಲ್ಲಿ ಕೂತು ಬಂದ ಗಿರಾಕಿಗಳ ಹತ್ತಿರವೂ ಕೊಚ್ಚಿಕೊಳ್ಳುತ್ತಿದ್ದರು.

ಆ ಕಿವಿ ಹೋಗುತ್ತಿದೆ ಎಂದು ಮೊದಲು ಗೊತ್ತಾದದ್ದು ನನಗೆ. ಒಂದು ಸಂಜೆ ಅಮ್ಮ ತರಕಾರಿಗೆ ಹೋಗಿದ್ದಳು. ಅತ್ತೆ ಒಲೆಗೆ ಬೆನ್ನು ಹಾಕಿ ಅಕ್ಕಿ ಆರಿಸುತ್ತಿದ್ದಳು. ಕುಕ್ಕರ್ ಕೂಗಿತು, ಮತ್ತೆ ಕೂಗಿತು, ಕೂಗುತ್ತಲೇ ಇತ್ತು, ಅತ್ತೆ ತಲೆಯೆತ್ತಲಿಲ್ಲ. ನಾನು ಓಡಿಹೋಗಿ ಗ್ಯಾಸ್ ಆರಿಸಿದೆ. ಅವಳು ತಿರುಗಿ ನನ್ನ ಮುಖ ನೋಡಿದಳು, ಕುಕ್ಕರ್ ನೋಡಿದಳು, ಕೈಯಲ್ಲಿದ್ದ ಅಕ್ಕಿ ಮೊರಕ್ಕೆ ಉದುರಿತು. ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡು ಎಲ್ಲ ಹೇಳಿದಳು. ಬಲಗಿವಿ ಹೋಗಿ ಬಹಳ ಕಾಲವಾಯಿತಂತೆ, ಈಗ ಎಡದ್ದೂ. ಕಲ್ಯಾಣದ ಡಾಕ್ಟರರ ಹತ್ತಿರ ಒಬ್ಬಳೇ ಹೋಗಿದ್ದಳಂತೆ. ನರದ ತೊಂದರೆ, ಯಂತ್ರ ಹಾಕಿದರೂ ಹೆಚ್ಚು ಉಪಯೋಗವಿಲ್ಲ ಎಂದರಂತೆ. ‘ಅಣ್ಣನಿಗೆ ಹೇಳ್ಬೇಡ ಮಾರಾಯ್ತಿ’ ಅಂದಳು. ‘ನಿನ್ನ ಅಜ್ಜಿಯನ್ನು ನಾನು ನೋಡಿದ್ದೇನೆ. ಅವಳಿಗೂ ಹೀಗೇ ಆದದ್ದು. ಮೂಲೆಯಲ್ಲಿ ಕೂರಿಸಿ, ಅವಳ ಎದುರೇ ಅವಳ ವಿಷಯ ಮಾತಾಡ್ತಿದ್ರು, ಕಂಬದ ಎದುರು ಮಾತಾಡಿದ ಹಾಗೆ. ನಂಗೆ ಹಾಗೆ ಕೂರ್ಲಿಕ್ಕೆ ಆಗುದಿಲ್ಲ.’ ನಾನು ಅವಳ ಸೊಂಟ ಹಿಡಿದುಕೊಂಡು ಅತ್ತುಬಿಟ್ಟೆ.

ಅಂದಿನಿಂದ ನಮ್ಮಿಬ್ಬರ ಕಳ್ಳಾಟ ಶುರುವಾಯಿತು. ಮಾತು ಅವಳಿಗೆ ದೊಡ್ಡ ಸಮಸ್ಯೆಯಲ್ಲ, ಬಾಯಿ ನೋಡಿಯೇ ಹಿಡಿಯುತ್ತಿದ್ದಳು, ಎಂಐಡಿಸಿಯ ಕಂಪನಿಯಲ್ಲಿ ಟೈಪಿಂಗ್ ಕೆಲಸವೂ ಹಾಗೇ ಸಾಗಿತ್ತು. ಸಂಗೀತಕ್ಕೆ ಬಾಯಿ ಎಲ್ಲಿಂದ ಬರಬೇಕು? ಥಿಯೇಟರಿನಲ್ಲಿ ನಾನು ಪಕ್ಕ ಕೂತು ಅವಳ ಅಂಗೈಯ ಮೇಲೆ ಬೆರಳಾಡಿಸುತ್ತಿದ್ದೆ. ಉದ್ದಕ್ಕೆ ಎಳೆದರೆ ಪಿಟೀಲು, ಬೆರಳುಗಳು ಓಡಿದರೆ ಕೊಳಲು, ತಟ್ಟಿದರೆ ತಬಲ, ಮುಷ್ಟಿ ಒತ್ತಿದರೆ ಏನೂ ಇಲ್ಲ. ಮನೆಗೆ ಬಂದ ಮೇಲೆ ಮೊದಲ ಸರದಿ ನನ್ನದೇ ಅಲ್ಲವೇ? ಕಾಫಿಲೋಟ ಹಿಡಿದು ಅತ್ತೆಯ ಎದುರಿಗೇ ಕೂತು, ಬಾಯಿ ಅಗಲ ಮಾಡಿ, ಯಾವ ಸೀನಿಗೆ ಯಾವ ವಾದ್ಯ, ಯಾವ ಹಾಡು ಎಳೆದಾಡಿತು, ಎಲ್ಲ ಒದರಿಬಿಡುತ್ತಿದ್ದೆ. ‘ಇವಳಿಗೆ ಅತ್ತೆಯ ಕಿವಿಯೇ ಬಂದಿದೆ’ ಎಂದು ಅಪ್ಪ ಹಿಗ್ಗುತ್ತಿದ್ದರು. ನನ್ನ ಜೀವ ನನಗೆ! ನಾನೊಂದು ತಪ್ಪಿದರೆ ಅತ್ತೆ ಸಿಕ್ಕಿಬೀಳುತ್ತಾಳೆ. ಅಂಗೈ ಬೆವರಿ, ಪಿಕ್ಚರಿನಲ್ಲಿ ಯಾರು ಯಾರನ್ನು ಮದುವೆಯಾದರೆಂದೇ ಎಷ್ಟೋ ಸಲ ನನಗೆ ಗೊತ್ತಾಗುತ್ತಿರಲಿಲ್ಲ. ಅತ್ತೆ ಮಾತ್ರ ತಲೆಯಲ್ಲಾಡಿಸಿ, ನಾನು ಹೇಳಿದ್ದಕ್ಕೆ ತನ್ನದಿಷ್ಟು ಸೇರಿಸಿ, ‘ಆ ಹಾಡಿನ ಚರಣಕ್ಕಿಂತ ಪಲ್ಲವಿ ಮೇಲು’ ಎಂದು ತೀರ್ಪು ಕೊಡುತ್ತಿದ್ದಳು.

ಆ ಹೊತ್ತಿಗೇ ಅತ್ತೆಗೆ ಒಂದು ಸಂಬಂಧ ಬಂತು. ಹುಡುಗನ ಹೆಸರು ಭಾಸ್ಕರ, ಉಡುಪಿ ಕಡೆಯವನೇ, ನೆರೂಳದಲ್ಲಿ ತಂದೆತಾಯಿಯ ಜೊತೆ ಇದ್ದ, ವಾಶಿಯಲ್ಲಿ ಆಫೀಸು. ಸಂಘದ ಕಾರ್ಯಕ್ರಮವೊಂದರಲ್ಲಿ ಅತ್ತೆಯನ್ನು ಮಾತಾಡಿಸಿದ್ದ. ಅತ್ತೆಗೆ ಮನಸ್ಸಾಗಿತ್ತು. ನನಗೆ ಗುಟ್ಟಾಗಿ ಹೇಳಿದ್ದಳು, ಕೆನ್ನೆ ಕೆಂಪಗಾಗಿತ್ತು. ‘ಮೀಸೆ ಇಲ್ಲ, ಮಾತು ನಿಧಾನ. ಅವರು ಹೇಳಿದ್ದು ಒಂದೂ ಬಿಡದೆ ಕಾಣ್ತದೆ ಗೊತ್ತುಂಟಾ?’ ನಾನು ಕಿವಿಯ ವಿಷಯ ಕೇಳಿದೆ. ‘ಹೇಳ್ತೇನೆ, ನಿಶ್ಚಯ ಆಗುವ ಮುಂಚೆ ನಾನೇ ಹೇಳ್ತೇನೆ. ಮೊದ್ಲು ಅವರು ನನ್ನನ್ನು ಒಂಚೂರು ಇಷ್ಟಪಡ್ಲಿ ಅಂತ. ಮೊದ್ಲೇ ಹೇಳಿದ್ರೆ ಕಿವಿ ಮಾತ್ರ ನೋಡ್ತಾರೆ, ನನ್ನನ್ನು ನೋಡುದಿಲ್ಲ’ ಅಂದಳು. ಅಷ್ಟರಲ್ಲಿ ಅಪ್ಪನಿಗೆ ಒಂದು ಅತಿಬುದ್ಧಿ ಹೊಳೆಯಿತು. ಉಪ್ಪಿಟ್ಟು ಕೇಸರಿಬಾತಿನ ಶಾಸ್ತ್ರವೆಲ್ಲ ಬೇಡ, ಭಾನುವಾರದ ಪಿಕ್ಚರಿಗೇ ಅವರನ್ನು ಕರೆಯೋಣ, ಆಮೇಲೆ ನಮ್ಮ ಮನೆಯಲ್ಲಿ ಕಾಫಿ, ಅಭಿಪ್ರಾಯ. ‘ಮನುಷ್ಯ ಎಂಥವ ಅಂತ ಪಿಕ್ಚರ್ ನೋಡಿ ಬಂದ ಮೇಲೆ ಗೊತ್ತಾಗ್ತದೆ’ ಎಂದರು. ಅತ್ತೆ ನನ್ನ ಕೈ ಹಿಡಿದು, ‘ನೀನು ನನ್ನ ಹತ್ರವೇ ಕೂರ್ಬೇಕು, ಆಯ್ತಾ?’ ಎಂದಷ್ಟೇ ಹೇಳಿದಳು.

ಕೂರಲು ಯಾರು ಬಿಟ್ಟರು? ಥಿಯೇಟರಿನ ಸಾಲಿನೊಳಗೆ ನಾನು ಅತ್ತೆಯ ಸೆರಗು ಹಿಡಿದೇ ನುಗ್ಗಿದೆ. ಭಾಸ್ಕರನ ತಾಯಿ ನಗುತ್ತ, ‘ಮಗು ಈಚೆ ಬರ್ಲಿ, ಅವರಿಬ್ಬರು ಒಟ್ಟಿಗೆ ಕೂತುಕೊಳ್ಳಲಿ’ ಎಂದು ನನ್ನ ರಟ್ಟೆ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡರು. ನಾನು ಹಟ ಮಾಡಿದೆ. ಅಮ್ಮ ಕಣ್ಣು ಬಿಟ್ಟಳು. ನನಗೂ ಅತ್ತೆಗೂ ನಡುವೆ ಇಡೀ ಒಂದು ಕುಟುಂಬ ಕೂತಿತು. ಪಿಕ್ಚರ್ ಒಬ್ಬ ತಾಯಿಯದು. ದೂರದಲ್ಲಿದ್ದ ಮಗ ತೀರಿಹೋದ ಸುದ್ದಿ ಬರುತ್ತದೆ, ಅವಳು ಅಡುಗೆಮನೆಗೆ ಹೋಗಿ ಗೋಡೆಗೊರಗಿ ಕೂರುತ್ತಾಳೆ. ಅಲ್ಲಿ ಆ ಡೈರೆಕ್ಟರು ಸಂಗೀತವನ್ನೇ ಹಾಕಿರಲಿಲ್ಲ. ನಲ್ಲಿಯ ನೀರು ತೊಟ್ಟಿಕ್ಕುವ ಸದ್ದು, ಅಷ್ಟೇ. ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಬಗ್ಗಿ ಬಗ್ಗಿ ಅತ್ತೆಯ ಕಡೆ ನೋಡಿದೆ, ಕತ್ತಲಲ್ಲಿ ಮುಷ್ಟಿ ಎತ್ತಿ ತೋರಿಸಿದೆ. ಅವಳು ಪರದೆ ಬಿಟ್ಟು ಕಣ್ಣು ತೆಗೆಯಲಿಲ್ಲ. ಕಣ್ಣಲ್ಲಿ ನೀರು ಹರಿಯುತ್ತಿತ್ತು, ಅವಳ ತಲೆ ಮೆಲ್ಲಗೆ ತೂಗುತ್ತಿತ್ತು. ಇಲ್ಲದ ಸಂಗೀತಕ್ಕೆ ತಲೆ ತೂಗುತ್ತಿದ್ದಳು.

ಮನೆಯಲ್ಲಿ ಕಾಫಿ ಬಂತು. ನಾನು ಓಡಿಹೋಗಿ ಅತ್ತೆಯ ಎದುರಿನ ಸ್ಟೂಲಿನ ಮೇಲೆ ಕೂತು, ಯಾರೂ ಕೇಳುವ ಮೊದಲೇ ‘ನಾನು ಹೇಳ್ತೇನೆ, ಆ ಅಮ್ಮ ಅಳುವ ಸೀನಲ್ಲಿ...’ ಎಂದು ಬಾಯಿ ತೆರೆದೆ. ಭಾಸ್ಕರನ ತಂದೆ ಪಾಪ ಬಹಳ ಮರ್ಯಾದಸ್ಥರು. ‘ಇವತ್ತು ಮಕ್ಕಳದ್ದು ಕಡೆಗಿರ್ಲಿ. ಮೊದಲು ನಮ್ಮ ರೇವತಿ ಹೇಳ್ಬೇಕು’ ಎಂದುಬಿಟ್ಟರು. ಅಪ್ಪನಿಗೋ ಖುಷಿಯೋ ಖುಷಿ. ‘ಹೌದೌದು, ಮ್ಯೂಸಿಕ್ ವಿಷಯ ಅವಳ ಹತ್ರವೇ ಕೇಳ್ಬೇಕು’ ಎಂದರು. ನಾನು ಮತ್ತೆ ಬಾಯಿ ಹಾಕಿದೆ, ಅಮ್ಮ ತೊಡೆ ಚಿವುಟಿದಳು. ಅತ್ತೆ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಭಾಸ್ಕರನ ಕಡೆ ತಿರುಗಿ, ಕತೆ ನಿಧಾನವಾದರೂ ನಿಜ ಅನಿಸಿತು, ತಾಯಿಯ ಪಾತ್ರ ಮಾಡಿದವರು ಬಹಳ ಚೆನ್ನಾಗಿ ಮಾಡಿದ್ದಾರೆ ಎಂದಳು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಎಲ್ಲರೂ ಇನ್ನೂ ಕಾಯುತ್ತಿರುವುದು ಅವಳಿಗೆ ಕಂಡಿತು. ‘ಅಡುಗೆಮನೆಯಲ್ಲಿ ಅವರು ಅಳುವಾಗ ಆ ಪಿಟೀಲು ಬಂತಲ್ಲ, ಅದು ನಂಗೆ ತುಂಬ ಹಿಡಿಸ್ತು’ ಅಂದಳು. ಅಂಥ ಸೀನಿಗೆ ಪಿಟೀಲು ಎಳೆಯದ ಪಿಕ್ಚರನ್ನು ಅವಳು ಜನ್ಮದಲ್ಲೇ ಕಂಡಿರಲಿಲ್ಲ. ಪಿಕ್ಚರುಗಳನ್ನು ಅಷ್ಟು ಬಲ್ಲವಳಾದ್ದರಿಂದಲೇ ಆ ತಪ್ಪು ಮಾಡಿದಳು.

ಮೊದಲು ನಕ್ಕವರು ಅಪ್ಪ, ತಂಗಿ ತಮಾಷೆ ಮಾಡುತ್ತಿದ್ದಾಳೆಂದು. ಬೇರೆ ಯಾರೂ ನಗಲಿಲ್ಲ. ಭಾಸ್ಕರ ಲೋಟ ಕೆಳಗಿಟ್ಟ. ಅವನ ತಾಯಿ ಅತ್ತೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈ ತೊಳೆಯುವ ನೆಪದಲ್ಲಿ ಎದ್ದು, ಅತ್ತೆಯ ಕುರ್ಚಿಯ ಹಿಂದೆ ಹೋಗಿ ನಿಂತು, ‘ರೇವತೀ’ ಎಂದು ಕರೆದರು. ಅತ್ತೆ ಮುಗುಳ್ನಗುತ್ತ ಚಕ್ಕುಲಿಯ ತಟ್ಟೆಯನ್ನು ಭಾಸ್ಕರನ ಕಡೆ ಸರಿಸಿದಳು. ‘ರೇವತೀ’ ಎಂದು ಇನ್ನೂ ಗಟ್ಟಿಯಾಗಿ ಕರೆದರು. ನಾನು ಹಿಂದೆ, ಹಿಂದೆ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅತ್ತೆ ತಟ್ಟನೆ ತಿರುಗಿದಳು, ಆದರೆ ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ತಾಯಿ ಕೆಟ್ಟ ಮಾತು ಒಂದೂ ಆಡಲಿಲ್ಲ. ‘ಟವೆಲ್ ಎಲ್ಲುಂಟು ಅಂತ ಕೇಳಿದ್ದು’ ಅಂದರು. ಅವರು ಚಪ್ಪಲಿ ಮೆಟ್ಟುವಾಗ ಭಾಸ್ಕರ ಅತ್ತೆಯನ್ನೊಮ್ಮೆ ತಿರುಗಿ ನೋಡಿದ. ಫೋನ್ ಮಾಡುತ್ತೇವೆ ಎಂದು ಹೇಳಿ ಹೋದರು, ಆ ಫೋನು ಬರಲಿಲ್ಲ.

ಅಂದು ಅತ್ತೆ ಎಲ್ಲ ಒಪ್ಪಿಕೊಂಡಾಗ ಅಪ್ಪನಿಗೆ ಬಂದ ಸಿಟ್ಟನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ತುಳುವಿನಲ್ಲೇ ಬೈದರು, ಕನ್ನಡದಲ್ಲಿ ಬರೆದರೆ ಅದರ ಖಾರ ಅರ್ಧಕ್ಕರ್ಧ ಹೋಗುತ್ತದೆ. ಸಂಬಂಧ ತಪ್ಪಿತೆಂದಲ್ಲ ಅವರ ಸಂಕಟ. ‘ಈ ಪುಟ್ಟ ಹುಡುಗಿಗೆ ಗೊತ್ತುಂಟು, ನಂಗೆ ಗೊತ್ತಿಲ್ಲ! ನಾನು ಯಾರು ನಿಂಗೆ? ಊರಿಡೀ ನಿನ್ನ ಕಿವಿ ಹೊಗಳಿಕೊಂಡು ತಿರುಗಿದೆನಲ್ಲ, ಆಗ ನಿಂಗೆ ಎಂಥ ಅನಿಸ್ತಿತ್ತು?’ ಎಂದು ಕಿಟಕಿಯ ಕಡೆ ಮುಖ ಮಾಡಿ, ಸರಳು ಹಿಡಿದುಕೊಂಡು ಕಿರುಚುತ್ತಿದ್ದರು. ಅತ್ತೆ ಎದ್ದುಹೋಗಿ ಅವರ ಭುಜ ಮುಟ್ಟಿದಳು. ‘ಅಣ್ಣ, ಈ ಕಡೆ ತಿರುಗಿ ಬೈ. ನಂಗೆ ಕಾಣುದಿಲ್ಲ’ ಅಂದಳು. ಅಪ್ಪ ತಿರುಗಿದರು. ಅಷ್ಟು ದೊಡ್ಡ ಗಂಡಸು ನೆಲದ ಮೇಲೆ ಕುಸಿದು ಕೂತು ಲುಂಗಿಯ ತುದಿಯಲ್ಲಿ ಕಣ್ಣೊರೆಸಿಕೊಂಡರು.

ಆಮೇಲೆ ಪಿಕ್ಚರು ನಿಂತಿತು. ಸಂಘದವರ ಭಾನುವಾರಗಳು ಬಂದುಹೋದವು, ಅತ್ತೆ ಬರುವುದಿಲ್ಲವೆಂದಳು, ಅವಳಿಲ್ಲದೆ ಅಪ್ಪ ಹೋಗಲಿಲ್ಲ. ಕೆಲಸದಿಂದ ಬಂದವಳು ಗೋಡೆಯ ಕಡೆ ತಿರುಗಿ ಬಟ್ಟೆ ಮಡಿಚುತ್ತ ಕೂರುತ್ತಿದ್ದಳು, ಯಾರ ಬಾಯಿಯೂ ಕಾಣದ ಹಾಗೆ. ಅಮ್ಮನಿಗೂ ಅರಿಯದೆಯೇ ಒಂದು ಚಾಳಿ ಬಂತು. ‘ಅವಳಿಗೆ ಇನ್ನೊಂದು ದೋಸೆ ಬೇಕಾ ಕೇಳು’ ಎಂದು ಅತ್ತೆಯ ಎದುರೇ ನನ್ನನ್ನು ಕೇಳುತ್ತಿದ್ದಳು. ಅಜ್ಜಿಯ ಮೂಲೆ ನಮ್ಮ ಮನೆಯಲ್ಲೇ ತಯಾರಾಗುತ್ತಿತ್ತು, ನೋಡುತ್ತ ನೋಡುತ್ತ. ನನಗೆ ಶಾಲೆಯಲ್ಲಿ ಕೂತರೂ ಅದೇ ಭಯ.

ಒಂದು ಭಾನುವಾರ ಅಪ್ಪ ಯಾರಿಗೂ ಹೇಳದೆ ನನ್ನೊಬ್ಬಳನ್ನೇ ಬೆಳಗಿನ ಆಟಕ್ಕೆ ಕರೆದುಕೊಂಡು ಹೋದರು. ಪಿಕ್ಚರ್ ಪೂರ್ತಿ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು, ಆಗಾಗ ‘ಇದು ಎಂಥ, ಕೊಳಲಾ?’ ಎಂದು ನನ್ನನ್ನು ಕೇಳುತ್ತಿದ್ದರು. ಮನೆಗೆ ಬಂದವರು ಅತ್ತೆಯ ಕುರ್ಚಿಯನ್ನು ಅವಳ ಸಮೇತ ಈಚೆ ತಿರುಗಿಸಿ, ಮುಖಕ್ಕೆ ಮುಖ ಕೊಟ್ಟು ಕೂತರು. ‘ಕೇಳು’ ಎಂದರು. ಶುರುವಾಯಿತು ನೋಡಿ! ಮೊದಲ ಸೀನಿನಿಂದ ಕೊನೆಯ ತನಕ, ಕತೆಯಲ್ಲ, ಸಂಗೀತ. ಎಲ್ಲಿ ತನನನ, ಎಲ್ಲಿ ಧೋಂ ಧೋಂ, ಕೆನ್ನೆ ಉಬ್ಬಿಸಿ ಕೊಳಲು, ಮೊಣಕೈಯ ಮೇಲೆ ಸೌಟಿನಿಂದ ಪಿಟೀಲು, ಕಾಫಿಲೋಟ ತಲೆಕೆಳಗು ಮಾಡಿ ತಬಲ. ಕೆಳಗಿನ ಮನೆಯ ಮರಾಠಿ ಆಜಿ ಯಾರಿಗೆ ಏನಾಯಿತೆಂದು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಅಪ್ಪ ನಿಲ್ಲಿಸಲಿಲ್ಲ, ಬೆವರು ಇಳಿಯುತ್ತಿತ್ತು. ಅತ್ತೆ ಕಲ್ಲಿನ ಹಾಗೆ ಕೂತಿದ್ದಳು. ಕೊನೆಯ ಹಾಡಿಗೆ ಅಪ್ಪ ಸ್ವರ ಏರಿಸಲು ಹೋಗಿ ಕೆಮ್ಮಿದಾಗ ಅವಳ ತುಟಿ ನಡುಗಿತು. ‘ಅಣ್ಣ, ಶ್ರುತಿ ತಪ್ಪಿತು’ ಅಂದಳು. ‘ನಿಂಗೆ ಹೇಗೆ ಗೊತ್ತು?’ ಎಂದರು ಅಪ್ಪ. ‘ನಿನ್ನ ಕುತ್ತಿಗೆಯ ನರ ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತದೆ’ ಎಂದು ಹೇಳಿ ಗಟ್ಟಿಯಾಗಿ ನಕ್ಕುಬಿಟ್ಟಳು. ಎಷ್ಟೋ ತಿಂಗಳ ನಂತರ ನಮ್ಮ ಮನೆಯಲ್ಲಿ ಆ ನಗು ಕೇಳಿತು. ಮುಂದಿನ ಪಿಕ್ಚರಿಗೆ ಅವಳೂ ಬಂದಳು.

ಅತ್ತೆ ಮದುವೆಯಾಗಲಿಲ್ಲ. ಎಡಗಿವಿಯೂ ಪೂರ್ತಿ ಹೋಯಿತು. ಆದರೆ ಮೂಲೆಗೆ ಹೋಗಿ ಕೂರಲಿಲ್ಲ, ಅಪ್ಪ ಕೂರಲು ಬಿಡಲಿಲ್ಲ. ನಾನು ಓದು, ಕೆಲಸ, ಮದುವೆ ಎಂದು ದೂರವಾದೆ. ಥಿಯೇಟರು ಮುಚ್ಚಿತು, ಅಮ್ಮ ತೀರಿಕೊಂಡಳು, ಬಿಲ್ಡಿಂಗು ಕೆಡವಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗಿ ಅಣ್ಣತಂಗಿ ಇಬ್ಬರೂ ನೆರೂಳಕ್ಕೆ ನನ್ನ ಮನೆಗೆ ಬಂದರು. ಇಲ್ಲಿಯೂ ಟಿವಿಯಲ್ಲಿ ಯಾವ ಪಿಕ್ಚರ್ ಬರಲಿ, ಮುಗಿದ ಮೇಲೆ ಅಪ್ಪ ಎದುರು ಕೂತು ಅದರ ಹಾಡುಗಳನ್ನೆಲ್ಲ ಆ ದರಿದ್ರ ಗಂಟಲಿನಲ್ಲಿ ಅವಳಿಗೆ ಹಾಡಿ ತೋರಿಸಬೇಕು, ಅವಳು ‘ಇದು ಪರವಾಗಿಲ್ಲ, ಅದು ಬೋರು’ ಎಂದು ತೀರ್ಪು ಕೊಡಬೇಕು. ಇರಾ ಕಿವಿ ಮುಚ್ಚಿಕೊಂಡು ‘ಆಜೋಬಾ, ಪ್ಲೀಸ್’ ಎಂದು ಓಡುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪ ಏಳಲಿಲ್ಲ. ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿಸಿದೆವು. ಜನ ಬಂದರು, ಅತ್ತೆಗೆ ಏನೇನೋ ಸಮಾಧಾನ ಹೇಳಿದರು, ಅವಳು ಯಾರ ಮುಖವನ್ನೂ ನೋಡಲಿಲ್ಲ. ತಲೆಯ ಹತ್ತಿರ ಕೂತು ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಹೊತ್ತೇರಿತು. ಯಾರೋ ಹಿರಿಯರು ಬಂದು ಬಿಳಿಬಟ್ಟೆಯನ್ನು ಅಪ್ಪನ ಮುಖದ ಮೇಲೆ ಎಳೆಯಲು ಹೋದರು. ಅತ್ತೆ ಕೈ ಅಡ್ಡ ಹಿಡಿದಳು.

‘ಮುಚ್ಬೇಡಿ’ ಅಂದಳು. ‘ಮುಚ್ಚಿದ್ರೆ ನಂಗೆ ಎಂಥದೂ ಕೇಳ್ಲಿಕ್ಕಿಲ್ಲ.’

ಗಾಡಿ ಬರುವ ತನಕ ಯಾರೂ ಮುಚ್ಚಲಿಲ್ಲ.